ಮ್ಯಾರಥಾನ್ ತಯಾರಿಯಲ್ಲಿ ಎದೆಬಡಿತದ ಲೆಕ್ಕ

ತುಮಕೂರಿನ ಅಮಾನಿಕೆರೆ ಹತ್ತಿರ ಬೆಳಿಗ್ಗೆ ಓಡುವವರಲ್ಲಿ ತುಂಬಾ ಜನರ ಕೈಯಲ್ಲಿ ಈಗ ವಾಚ್ ಇದೆ. ಅದು ತೋರಿಸುವ ಎದೆಬಡಿತವನ್ನು ಇಟ್ಟುಕೊಂಡು ಏನು ಮಾಡಬೇಕು? ನನ್ನ ಪ್ರಕಾರ ಅದರ ದೊಡ್ಡ ಉಪಯೋಗ ಒಂದೇ: ನಿಧಾನವಾಗಿ ಓಡಬೇಕಾದ ದಿನ ನಮ್ಮನ್ನು ತಡೆಯುವುದು. ಜೋರಾಗಿ ಓಡಿಸುವುದಕ್ಕೆ ಅದು ಬೇಕಿಲ್ಲ.

ಮೊದಲು ಗರಿಷ್ಠ ಬಡಿತ, ಅಂದರೆ ನಮ್ಮ ಹೃದಯ ನಿಮಿಷಕ್ಕೆ ಅತಿ ಹೆಚ್ಚೆಂದರೆ ಎಷ್ಟು ಸಲ ಬಡಿಯಬಲ್ಲದು ಅನ್ನುವುದು. 220ರಿಂದ ವಯಸ್ಸು ಕಳೆಯಿರಿ ಅನ್ನುವುದು ಹಳೆಯ ಲೆಕ್ಕ. 2001ರಲ್ಲಿ ಸಂಶೋಧಕ ತನಾಕಾ ಮತ್ತು ಸಂಗಡಿಗರು ಇನ್ನೊಂದು ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯಬೇಕು. 40 ವರ್ಷದವರಿಗೆ ಎರಡರಲ್ಲೂ 180 ಬರುತ್ತದೆ, 60 ವರ್ಷದವರಿಗೆ ಮಾತ್ರ 160 ಮತ್ತು 166. ಎರಡೂ ಸರಾಸರಿಗಳೇ. ಒಬ್ಬೊಬ್ಬರದು 10 ಬಡಿತ ಆಚೀಚೆ ಇರುವುದು ಮಾಮೂಲು. ಅದಕ್ಕೇ ಆರೋಗ್ಯವಾಗಿರುವವರು, ಡಾಕ್ಟರ್ ಸರಿ ಅಂದಮೇಲೆ, ಚೆನ್ನಾಗಿ ಮೈ ಬಿಸಿ ಮಾಡಿಕೊಂಡು ದೇವರಾಯನದುರ್ಗದಂಥ ಏರಿನಲ್ಲಿ ಎರಡು ಮೂರು ನಿಮಿಷದ ಜೋರು ಓಟವನ್ನು ಕೆಲವು ಸಲ ಓಡಿ, ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ವಾಸಿ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ ಈ ಲೆಕ್ಕಗಳು ಹೊಂದುವುದಿಲ್ಲ, ಬಡಿತ ಕಡಿಮೆಯೇ ತೋರಿಸುತ್ತದೆ.

ಇನ್ನು ಕಾರ್ವೊನೆನ್ ವಿಧಾನ: ಗರಿಷ್ಠ ಬಡಿತ ಮತ್ತು ವಿಶ್ರಾಂತಿಯ ಬಡಿತದ ವ್ಯತ್ಯಾಸ ಹಿಡಿದು, ಓಡುವಾಗ ಬಡಿತ ಎಷ್ಟಿರಬೇಕು ಅಂತ ಲೆಕ್ಕ ಹಾಕುವುದು. ಗರಿಷ್ಠ 184, ಬೆಳಿಗ್ಗೆ ಎದ್ದಾಗ 56 ಅಂದುಕೊಳ್ಳಿ. ವ್ಯತ್ಯಾಸ 128. ಅದರ ಶೇ 60 ಅಂದರೆ 77, ಶೇ 70 ಅಂದರೆ 90. ಎರಡಕ್ಕೂ 56 ಸೇರಿಸಿ: 133ರಿಂದ 146. ಸುಲಭದ ಓಟ ಇದರೊಳಗೇ ಇರಬೇಕು, ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಏರು ಬಂದು ಬಡಿತ ದಾಟಿದರೆ ನಡೆಯಿರಿ, ಅದರಲ್ಲಿ ನಾಚಿಕೆ ಏನಿದೆ? ವಾರದ ಹೆಚ್ಚಿನ ಕಿಲೋಮೀಟರ್‌ಗಳು ಹೀಗೇ ಹೋದರೆ ಮಾತ್ರ ಜೋರು ಓಟದ ದಿನ ಕಾಲಲ್ಲಿ ಶಕ್ತಿ ಇರುತ್ತದೆ.

ಸುಮ್ನೆ ಓಡುತ್ತಿರುವಾಗ ವಾಚ್ ಇದ್ದಕ್ಕಿದ್ದಂತೆ 175 ತೋರಿಸಿದರೆ ಗಾಬರಿ ಬೇಡ. ಮಣಿಕಟ್ಟಿನ ಸೆನ್ಸರ್ ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ಬಡಿತ ಅಂತ ಓದುತ್ತದೆ. ಎದೆಗೆ ಕಟ್ಟುವ ಪಟ್ಟಿ ಹೆಚ್ಚು ನಂಬಿಕೆಗೆ ಅರ್ಹ. ಆದರೆ ಎದೆನೋವೋ ತಲೆಸುತ್ತೋ ಜೊತೆಗಿದ್ದರೆ ಓಟ ಅಲ್ಲಿಗೇ ನಿಲ್ಲಿಸಿ, ಡಾಕ್ಟರ್ ಹತ್ತಿರ ಹೋಗಿ.

ಉದ್ದದ ಓಟದಲ್ಲಿ ವೇಗ ಅದೇ ಇದ್ದರೂ ಬಡಿತ ಮೇಲೇರುತ್ತಾ ಹೋಗುತ್ತದೆ. ಬೆವರಿ ರಕ್ತದಲ್ಲಿನ ನೀರಿನಂಶ ಕಡಿಮೆಯಾಗುತ್ತದೆ, ಮೈ ತಣಿಸಲು ಚರ್ಮಕ್ಕೂ ರಕ್ತ ಹರಿಯಬೇಕು, ಒಂದೊಂದು ಬಡಿತಕ್ಕೆ ಹೊರಬರುವ ರಕ್ತ ಕಮ್ಮಿ. ಹಾಗಾಗಿ ಹೃದಯ ಜಾಸ್ತಿ ಸಲ ಬಡಿಯಲೇಬೇಕು, ಅಲ್ವಾ? ನಿದ್ದೆ ಕೆಟ್ಟ ದಿನವೂ, ಜ್ವರ ಬರುವ ಮೊದಲೂ ಸಂಖ್ಯೆ ಏರಿರುತ್ತದೆ.

ರೇಸಿನ ದಿನ ಇದೇ ತೊಡಕು. ಉತ್ಸಾಹಕ್ಕೇ ಮೊದಲ ಕಿಲೋಮೀಟರ್‌ಗಳಲ್ಲಿ ಬಡಿತ ಹೆಚ್ಚು, ಆಗ ಉಸಿರು ಮತ್ತು ವೇಗ ನೋಡಿ. ಅಲ್ಲಿಂದ 30 ಕಿಲೋಮೀಟರ್‌ವರೆಗೆ, ಉದ್ದದ ಓಟಗಳಲ್ಲಿ ಏದುಸಿರಿಲ್ಲದೆ ಹಿಡಿದಿಟ್ಟ ಬಡಿತವೇ ನಿಮ್ಮ ಮಿತಿ. ಆಮೇಲೆ ವಾಚ್ ಬಿಟ್ಟುಬಿಡಿ, ಉಳಿದ 12 ಚಿಲ್ಲರೆ ಕಿಲೋಮೀಟರ್‌ನಲ್ಲಿ ಅದು ಏರಿಯೇ ಏರುತ್ತದೆ. ಜನವರಿಯಲ್ಲಿ ಮುಂಬೈ ಮ್ಯಾರಥಾನ್‌ಗೆ ಹೋಗುವವರು ಇನ್ನೊಂದು ನೆನಪಿಡಿ: ತುಮಕೂರಿನ ಚಳಿಗಾಲದ ಬೆಳಗಿನ ಸಂಖ್ಯೆಗಳು ಸಮುದ್ರದ ಪಕ್ಕದ ಸೆಕೆಯಲ್ಲಿ ನಡೆಯುವುದಿಲ್ಲ. ಅದೇ ಬಡಿತಕ್ಕೆ ವೇಗ ಕಮ್ಮಿ ಸಿಗುತ್ತದೆ. ಅದನ್ನು ಶುರುವಿನಲ್ಲೇ ಒಪ್ಪಿಕೊಂಡರೆ ಅಲ್ಲಿ ಕೊನೆಯ ಹಂತದಲ್ಲಿ ಬರುವ ಪೆಡ್ಡರ್ ರೋಡಿನ ಏರಿಗೆ ಸ್ವಲ್ಪ ದಮ್ಮು ಉಳಿದಿರುತ್ತದೆ.