ಮೈನಸ್ 160 ಡಿಗ್ರಿಯಲ್ಲೂ ಹಬೆ?

ಕುಕ್ಕರ್ ಸೀಟಿ ಹಾಕುವಾಗ ಹತ್ತಿರದಿಂದ ನೋಡಿ. ತೂತಿನ ಬಾಯಲ್ಲಿ ಏನೂ ಕಾಣುವುದಿಲ್ಲ. ಒಂದಿಷ್ಟು ಮೇಲೆ ಹೋದಮೇಲೆ ಬೆಳ್ಳಗೆ ಕಾಣುವುದು ಹಬೆ ತಣ್ಣಗಾಗಿ ಕಟ್ಟಿದ ಸಣ್ಣ ಸಣ್ಣ ಹನಿ. ನನ್ನ ಕೆಲಸವೆಲ್ಲ ಇಂಥ ಹನಿಗಳ ಸುತ್ತಲೇ.

ಬಿಸಿಲಿನಲ್ಲಿ ನೀರು ಕಾಯಿಸಿ, ಆ ಹಬೆಯಿಂದಲೇ ತಂಪು ಮಾಡುವ ಯಂತ್ರದಲ್ಲಿ ಕಂಪ್ರೆಸರ್ ಬದಲು ಎಜೆಕ್ಟರ್ ಇರುತ್ತದೆ, ಅಂದರೆ ಹಬೆಯ ರಭಸದಿಂದಲೇ ಆವಿಯನ್ನು ಎಳೆಯುವ ಕೊಳವೆ. ಅದರೊಳಗೆ ತಿರುಗುವ ಭಾಗ ಒಂದೂ ಇಲ್ಲ. ಫ್ರಾನ್ಸಿನ ಮಾರಿಸ್ ಲೆಬ್ಲಾಂಕ್ 1910ರ ಹೊತ್ತಿಗೇ ಇಂಥದ್ದನ್ನು ಮಾಡಿ ತೋರಿಸಿದ್ದರು. 130 ಡಿಗ್ರಿಯ ಹಬೆ 2.7 ಬಾರ್ ಒತ್ತಡದಲ್ಲಿ ಅದರ ನಾಜಲ್‌ಗೆ, ಅಂದರೆ ನಡುವೆ ಕಿರಿದಾದ ಮೂತಿಗೆ, ನುಗ್ಗುತ್ತದೆ. ಹೊರಬರುವಾಗ ಸೆಕೆಂಡಿಗೆ 1 ಕಿಲೋಮೀಟರ್‌ಗಿಂತ ಜಾಸ್ತಿ ವೇಗ. ಒತ್ತಡ ಸುಮಾರು 220ರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಆ ರಭಸಕ್ಕೆ ಪಕ್ಕದ ತೊಟ್ಟಿಯ 10 ಡಿಗ್ರಿ ನೀರಿನ ಆವಿಯೂ ಜೊತೆಗೆ ಹೊರಟುಬಿಡುತ್ತದೆ. ಆವಿ ಹೋದಂತೆ ಉಳಿದ ನೀರು ತಂಪಾಗುತ್ತದೆ. ಮಣ್ಣಿನ ಹೂಜಿಯಲ್ಲಿ ಆಗುವುದೂ ಇದೇ, ಅಲ್ವಾ?

ಮೊದಲ ಸಲ ಇದನ್ನು ಕಂಪ್ಯೂಟರ್‌ನಲ್ಲಿ ಮಾಡೆಲ್ ಮಾಡಿದಾಗ ಹಬೆಯನ್ನು ಐಡಿಯಲ್ ಗ್ಯಾಸ್, ಅಂದರೆ ಎಷ್ಟು ತಣ್ಣಗಾದರೂ ನೀರಾಗದ ಅನಿಲ, ಎಂದು ಇಟ್ಟುಕೊಂಡಿದ್ದೆ. ಚಿತ್ರದಲ್ಲಿ ನಾಜಲ್ ಬಾಯಿಯ ಹತ್ತಿರ ಕಡುನೀಲಿ ಮಚ್ಚೆ. ನಮ್ಮ ಹಿರಿಯರೊಬ್ಬರು ಅದರ ಮೇಲೆ ಬೆರಳಿಟ್ಟರು. "ಇಲ್ಲಿ ಎಷ್ಟಿದೆಯಮ್ಮ?" ಮೌಸ್ ಒಯ್ದು ನೋಡಿದೆ. ಮೈನಸ್ 160 ಡಿಗ್ರಿ. "ಅಷ್ಟು ತಣ್ಣಗಾದ ಮೇಲೂ ಹಬೆ ಹಬೆಯಾಗೇ ಇರುತ್ತಾ?"

ಇರುವುದಿಲ್ಲ. ಹಾಗಂತ ತಕ್ಷಣ ನೀರೂ ಆಗುವುದಿಲ್ಲ. 5 ಸೆಂಟಿಮೀಟರ್ ದಾಟಲು ಆ ವೇಗಕ್ಕೆ 50 ಮೈಕ್ರೋಸೆಕೆಂಡ್ ಸಾಕು. ಹನಿ ಕಟ್ಟಲು ಪುರುಸೊತ್ತೇ ಇಲ್ಲ. ಹಬೆ ತಣ್ಣಗಾಗುತ್ತಲೇ ಹೋಗಿ, ಒಂದು ಕಡೆ ತಡೆಯಲಾರದೆ ಒಮ್ಮೆಲೇ ಲೆಕ್ಕವಿಲ್ಲದಷ್ಟು ಹನಿ ಹುಟ್ಟುತ್ತವೆ. ಅದಕ್ಕೆ ವಿಲ್ಸನ್ ಬಿಂದು ಎನ್ನುತ್ತೇವೆ. ಒಂದು ಕಿಲೋ ಹಬೆ ನೀರಾದರೆ 2,500 ಕಿಲೋಜೂಲ್ ಹತ್ತಿರ ಶಾಖ ಬಿಡುತ್ತದೆ. ಆ ಶಾಖವೇ ಹಬೆಯನ್ನು ಮೈನಸ್ 160ಕ್ಕೆ ಇಳಿಯಲು ಬಿಡುವುದಿಲ್ಲ. ಹನಿ ಕಟ್ಟಲು ಬೇಕಾದಷ್ಟು ಹೊತ್ತು ಸಿಕ್ಕಿದ್ದರೆ ಈ ಹಬೆಯ ಐದನೇ ಒಂದು ಪಾಲು ನೀರಾಗುತ್ತಿತ್ತು. ಇಷ್ಟು ದೊಡ್ಡದನ್ನು ಲೆಕ್ಕದಿಂದ ಸುಮ್ನೆ ಬಿಟ್ಟುಬಿಡಲು ಆಗುತ್ತದೆಯೇ?

ಮೋಸ ಹೋಗುವ ಜಾಗ ಇನ್ನೊಂದಿದೆ. ತಪ್ಪು ಮಾಡೆಲ್‌ನಲ್ಲೂ ನಾಜಲ್‌ನಿಂದ ಹೋಗುವ ಹಬೆಯ ಪ್ರಮಾಣ ಪ್ರಯೋಗದ ಅಂಕಿಗೆ ಹೆಚ್ಚುಕಮ್ಮಿ ತಾಳೆಯಾಗುತ್ತದೆ. ಅದು ತೀರ್ಮಾನವಾಗುವುದು ನಾಜಲ್‌ನ ಕಿರಿದಾದ ಕತ್ತಿನಲ್ಲಿ. ಹನಿ ಕಟ್ಟುವುದು ಅಲ್ಲಿಂದ ಮುಂದೆ. ಆ ಒಂದು ಅಂಕಿ ಕೂಡಿಬಂತು ಅಂತ ವರದಿ ಬರೆಯಬೇಡಿ. ಗೋಡೆಯುದ್ದಕ್ಕೂ ಒತ್ತಡ ಅಳೆದು ಹೋಲಿಸಿ. ಕೊನೆಗೆ ಹಬೆಯೆಲ್ಲ ತಣಿದು ನೀರಾಗುವ ಭಾಗ ಕಂಡೆನ್ಸರ್. ಅದರ ಒತ್ತಡ ಎಲ್ಲಿಗೆ ಏರಿದಾಗ ಆವಿಯ ಎಳೆತ ಕುಸಿಯುತ್ತದೆ ಎಂಬುದನ್ನೂ ನೋಡಿ. ಬಿಸಿಲಿನ ಯಂತ್ರಕ್ಕೆ ಅದೇ ಮುಖ್ಯ. ಬಿಸಿಲು ಜೋರಾದ ಹೊತ್ತಲ್ಲೇ ಕಂಡೆನ್ಸರ್ ಕೂಡ ಕಾಯುತ್ತದೆ. ಅದು 30ರಿಂದ 35 ಡಿಗ್ರಿಗೆ ಏರಿದರೆ ಒತ್ತಡ 4.2ರಿಂದ 5.6 ಕಿಲೋಪ್ಯಾಸ್ಕಲ್‌ಗೆ ಹೋಗುತ್ತದೆ. ರಾಯಚೂರಿನ ಏಪ್ರಿಲ್ ಮಧ್ಯಾಹ್ನ ನೆನೆಸಿಕೊಳ್ಳಿ.

ಮಾಡೆಲ್‌ಗೆ ಕಂಡೆನ್ಸೇಶನ್, ಅಂದರೆ ಹನಿ ಕಟ್ಟುವುದನ್ನು, ಸೇರಿಸಿದ ಮೇಲೆ ನಾನು ಮೊದಲು ನೋಡುವುದು ನೀರಿನ ಮೇಲ್ಮೈ ಎಳೆತದ ಅಂಕಿ. ಹನಿ ಹುಟ್ಟುವ ಸೂತ್ರದಲ್ಲಿ ಅದರ ಘನ ಬರುತ್ತದೆ, ಅದೂ ಘಾತದ ಜಾಗದಲ್ಲಿ. ಅಲ್ಲಿ ಚೂರು ಹೆಚ್ಚುಕಡಿಮೆಯಾದರೂ ಹನಿಗಳ ಸಂಖ್ಯೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಐಡಿಯಲ್ ಗ್ಯಾಸ್ ಫಲಿತಾಂಶವನ್ನು ಎಸೆಯುವುದು ಬೇಡ. ಅದರಿಂದ ಶುರು ಮಾಡಿ, ಲೆಕ್ಕದ ಅಂಕಿಗಳು ಬದಲಾಗದೆ ನೆಲೆಗೆ ನಿಂತ ಮೇಲೆ ಹನಿಗಳನ್ನು ಸೇರಿಸಿ.