ಇಮ್ಯುನೊಗ್ಲಾಬ್ಯುಲಿನ್: ಮಗುವಿನ ರಿಪೋರ್ಟಿನಲ್ಲಿ ಆ ಅಂಕಿಗೆ ಏನರ್ಥ?

ಮಗುವಿನ ರಕ್ತ ಪರೀಕ್ಷೆಯ ರಿಪೋರ್ಟಿನಲ್ಲಿ ಒಂದು ಅಂಕಿಯ ಪಕ್ಕ 'ಎಲ್' ಅಂತ ಕಂಡರೆ ಎದೆ ಧಸಕ್ಕೆನ್ನುತ್ತದೆ. ಎಲ್ ಎಂದರೆ ಕಡಿಮೆ, 'ಎಚ್' ಎಂದರೆ ಜಾಸ್ತಿ. ಕಡಿಮೆ, ಸರಿ. ಆದರೆ ಯಾರ ಅಳತೆಗೆ ಹೋಲಿಸಿ ಕಡಿಮೆ? ಮೊದಲು ಕೇಳಬೇಕಾದ್ದು ಇದನ್ನೇ.

ರೋಗಾಣುಗಳನ್ನು ಗುರುತಿಸಿ ಹಿಡಿಯಲು ದೇಹ ತಯಾರಿಸುವ ಪ್ರೋಟೀನು ಪ್ರತಿಕಾಯ. ಅದರ ಇನ್ನೊಂದು ಹೆಸರೇ ಇಮ್ಯುನೊಗ್ಲಾಬ್ಯುಲಿನ್, ಚಿಕ್ಕದಾಗಿ ಐಜಿ. ಸೋಂಕು ತಗುಲಿದಾಗ ಮೊದಲು ಬರುವುದು ಐಜಿಎಂ. ಆಮೇಲೆ ಬಂದು ಬಹುಕಾಲ ಉಳಿಯುವುದು ಐಜಿಜಿ. ಬಾಯಿ, ಮೂಗು, ಕರುಳಿನ ಒಳಪದರವನ್ನು ಕಾಯುವುದು ಐಜಿಎ. ಅಲರ್ಜಿ ಮತ್ತು ಹುಳುಗಳ ವಿಷಯದಲ್ಲಿ ಹೆಸರು ಕೇಳಿಬರುವುದು ಐಜಿಇ. ಐಜಿಡಿ ಅಂತ ಐದನೆಯದೂ ಇದೆ. ಅದನ್ನು ಸಾಮಾನ್ಯವಾಗಿ ಅಳೆಯುವುದಿಲ್ಲ.

ಇವುಗಳಲ್ಲಿ ಗರ್ಭದಲ್ಲೇ ತಾಯಿಯಿಂದ ಮಗುವಿಗೆ ದಾಟುವುದು ಐಜಿಜಿ. ಹಾಗಾಗಿ ಆಗಷ್ಟೇ ಹುಟ್ಟಿದ ಮಗುವಿನ ಐಜಿಜಿ ಹೆಚ್ಚುಕಡಿಮೆ ದೊಡ್ಡವರಷ್ಟೇ ಇರುತ್ತದೆ. ಆದರೆ ಅದು ಕೊಟ್ಟು ಕಳಿಸಿದ ಬುತ್ತಿ. ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ ಹೋಗುತ್ತದೆ, ಮಗು ಸ್ವಂತವಾಗಿ ತಯಾರಿಸುವುದು ಇನ್ನೂ ನಿಧಾನ. ಹೀಗಾಗಿ 3ರಿಂದ 6 ತಿಂಗಳ ನಡುವೆ ಎಲ್ಲ ಮಕ್ಕಳಲ್ಲೂ ಐಜಿಜಿ ತಳ ಮುಟ್ಟುತ್ತದೆ. ದೊಡ್ಡವರಲ್ಲಿ ಇದು ಡೆಸಿಲೀಟರಿಗೆ ಸುಮಾರು 700ರಿಂದ 1600 ಮಿಲಿಗ್ರಾಂ. ಐದು ತಿಂಗಳ ಮಗುವಿಗೆ 350 ಬಂದರೂ ಅದು ಸಹಜವೇ. ರಿಪೋರ್ಟಿನಲ್ಲಿ ದೊಡ್ಡವರ ಮಿತಿಯನ್ನೇ ಅಚ್ಚು ಹಾಕಿದ್ದರೆ ಮಾತ್ರ ಪಕ್ಕದಲ್ಲೊಂದು 'ಎಲ್' ಬೀಳುತ್ತದೆ, ಮನೆಯವರಿಗೆ ರಾತ್ರಿ ನಿದ್ದೆ ಹಾರುತ್ತದೆ.

ಐಜಿಎ ಇನ್ನೂ ಸೋಮಾರಿ. ದೊಡ್ಡವರ ಮಟ್ಟ ಮುಟ್ಟಲು ಹದಿಹರೆಯದವರೆಗೂ ಸಮಯ ತೆಗೆದುಕೊಳ್ಳುತ್ತದೆ. ಅದಕ್ಕೇ ನಾಲ್ಕು ವರ್ಷ ತುಂಬುವ ಮೊದಲು 'ಐಜಿಎ ಕೊರತೆ' ಎಂಬ ಹಣೆಪಟ್ಟಿ ಹಚ್ಚುವುದಿಲ್ಲ. ನಿಜವಾಗಿ ಕೊರತೆ ಇರುವವರಲ್ಲೂ ಬಹಳಷ್ಟು ಜನ ಆರಾಮಾಗೇ ಇರುತ್ತಾರೆ. ಒಂದು ಕಡೆ ಮಾತ್ರ ಇದು ಮೋಸ ಮಾಡುತ್ತದೆ. ಗೋಧಿಯ ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆಯನ್ನು ಹುಡುಕುವ ಪರೀಕ್ಷೆ ನೋಡುವುದು ಐಜಿಎ ಬಗೆಯ ಪ್ರತಿಕಾಯವನ್ನು. ಐಜಿಎಯೇ ಇಲ್ಲದ ಮಗುವಿಗೆ ಕಾಯಿಲೆ ಇದ್ದರೂ 'ಇಲ್ಲ' ಅಂತ ಉತ್ತರ ಬರಬಹುದು. ಆದ್ದರಿಂದ ಜೊತೆಗೆ ಒಟ್ಟು ಐಜಿಎಯನ್ನೂ ನೋಡುತ್ತಾರೆ.

ಜಾಸ್ತಿ ಬಂದರೆ? ಐಜಿಇ ಏರಿದ್ದರೆ ಹೆಚ್ಚಾಗಿ ಅಲರ್ಜಿ, ಎಕ್ಸಿಮಾ ಇಲ್ಲವೇ ಹೊಟ್ಟೆಹುಳು ಕಾರಣ. ಐಜಿಜಿ ಏರಿದ್ದರೆ ದೀರ್ಘಕಾಲದ ಸೋಂಕು, ಲಿವರ್ ತೊಂದರೆ, ದೇಹ ತನ್ನ ಮೇಲೇ ತಿರುಗಿಬೀಳುವ ಕಾಯಿಲೆಗಳ ಕಡೆ ನೋಡುತ್ತಾರೆ. ಹುಟ್ಟಿದ ಕೂಡಲೇ ಐಜಿಎಂ ಜಾಸ್ತಿ ಇದ್ದರೆ ಅದು ಬೇರೆಯೇ ಮಾತು. ಐಜಿಎಂ ತಾಯಿಯಿಂದ ದಾಟುವುದಿಲ್ಲ, ಹಾಗಾಗಿ ಗರ್ಭದಲ್ಲೇ ಸೋಂಕು ತಗುಲಿರಬಹುದೇ ಎಂದು ಯೋಚಿಸಬೇಕಾಗುತ್ತದೆ.

ನಿಜಕ್ಕೂ ಚಿಂತಿಸಬೇಕಾದ 'ಕಡಿಮೆ' ಯಾವುದು? 1952ರಲ್ಲಿ ಆಗ್ಡನ್ ಬ್ರೂಟನ್ ಎಂಬ ವೈದ್ಯರು ಮತ್ತೆ ಮತ್ತೆ ಗಂಭೀರ ಸೋಂಕಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಹುಡುಗನ ಬಗ್ಗೆ ಬರೆದರು. ಅವನ ರಕ್ತದಲ್ಲಿ ಪ್ರತಿಕಾಯಗಳಿರುವ ಗಾಮಾ ಗ್ಲಾಬ್ಯುಲಿನ್ ಭಾಗವೇ ಕಾಣಲಿಲ್ಲ. ಅದನ್ನು ಹೊರಗಿನಿಂದ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಈ ಕಾಯಿಲೆಯ ಮಕ್ಕಳು ಮೊದಲ ಕೆಲವು ತಿಂಗಳು ಚೆನ್ನಾಗೇ ಇರುತ್ತಾರೆ. ತಾಯಿಯ ಬುತ್ತಿ ಮುಗಿದ ಮೇಲೆ ನ್ಯುಮೋನಿಯಾ, ಕಿವಿ ಸೋರುವುದು ಒಂದರ ಹಿಂದೊಂದು ಶುರುವಾಗುತ್ತದೆ. ಟಾನ್ಸಿಲ್ ಹುಡುಕಿದರೂ ಸಿಗದಷ್ಟು ಚಿಕ್ಕದಿರುತ್ತದೆ.

ಅಂಕಿ ಕಡಿಮೆಯಿದ್ದೂ ಮಗು ಚೆನ್ನಾಗಿ ಬೆಳೆಯುತ್ತಿದ್ದರೆ ವೈದ್ಯರು ಸಾಮಾನ್ಯವಾಗಿ ಅವಸರ ಮಾಡುವುದಿಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಟೆಟನಸ್‌ನಂಥ ಲಸಿಕೆಗೆ ದೇಹ ಪ್ರತಿಕಾಯ ತಯಾರಿಸಿದೆಯೇ ಎಂದೂ ನೋಡುತ್ತಾರೆ. ತಯಾರಿಸಿದ್ದರೆ ಯಂತ್ರ ಕೆಟ್ಟಿಲ್ಲ, ತಡವಾಗಿ ಓಡಲು ಶುರುಮಾಡಿದೆ, ಅಷ್ಟೇ.