ಯಾರ ಡೇಟಾ, ಯಾರ ಸಭೆ: ಬೆಂಗಳೂರಿನಲ್ಲಿ ಖಾಸಗಿತನದ ಚರ್ಚೆ ನಡೆದು ಬಂದ ದಾರಿ

ಡೇಟಾ ಸುರಕ್ಷತೆಯ ಹೆಸರಿನಲ್ಲಿ ಬೆಂಗಳೂರಿನ ಐಟಿ ಮಂದಿ ಸಭೆ ಸೇರಲು ಶುರುಮಾಡಿದಾಗ ಅವರ ನಿದ್ದೆಗೆಡಿಸಿದ್ದು ಲಂಡನ್, ನ್ಯೂಯಾರ್ಕ್‌ನವರ ಡೇಟಾ. ಬಸವನಗುಡಿಯವರ, ಯಲಹಂಕದವರ ಮಾಹಿತಿ ಎಲ್ಲಿ ಹೋಗುತ್ತದೆ ಎಂಬ ಮಾತು ಬಂದಿದ್ದು ಬಹಳ ತಡವಾಗಿ. ಹೊಸ ಡೇಟಾ ಕಾನೂನಿನ ಬಗ್ಗೆ ಹೊರವರ್ತುಲ ರಸ್ತೆಯ ಹೋಟೆಲ್‌ಗಳಲ್ಲಿ ಈಗ ನಡೆಯುತ್ತಿರುವ ಕಾರ್ಯಾಗಾರಗಳಿಗೆ ಆ ಹಳೆಯ ಜಾಯಮಾನ ಇನ್ನೂ ಅಂಟಿಕೊಂಡಿದೆ.

2000ದ ಆಸುಪಾಸಿನಲ್ಲಿ ಕಾಲ್ ಸೆಂಟರ್, ಬಿಪಿಒಗಳು ಊರನ್ನು ತುಂಬಿಕೊಂಡಾಗ ಇಲ್ಲಿನ ಕಂಪ್ಯೂಟರುಗಳ ಮುಂದೆ ಪರದೇಶದವರ ಬ್ಯಾಂಕ್ ಖಾತೆ, ವೈದ್ಯಕೀಯ ದಾಖಲೆ, ವಿಮೆಯ ವಿವರ ಎಲ್ಲವೂ ಬಂದು ಕೂತವು. 2001ರಲ್ಲೇ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ತೆರೆಯಿತು. 2006ರಲ್ಲಿ ಎಚ್‌ಎಸ್‌ಬಿಸಿ ಬ್ಯಾಂಕಿನ ಇಲ್ಲಿನ ಕೇಂದ್ರದ ಉದ್ಯೋಗಿಯೊಬ್ಬ ಬ್ರಿಟನ್ ಗ್ರಾಹಕರ ವಿವರ ಸೋರಿಕೆ ಮಾಡಿದ ಆರೋಪದ ಮೇಲೆ ಬಂಧಿತನಾದ. ಕಳುವಾಗಿದ್ದು ಸುಮಾರು 2.33 ಲಕ್ಷ ಪೌಂಡ್. ಬ್ಯಾಂಕಿನ ಲೆಕ್ಕದಲ್ಲಿ ಅದು ಚಿಲ್ಲರೆ ಹಣ, ಆದರೆ ಸುದ್ದಿ ಚಿಲ್ಲರೆಯದಾಗಿರಲಿಲ್ಲ. ಸಾಕಷ್ಟು ರಕ್ಷಣೆ ಇಲ್ಲದ ದೇಶಗಳಿಗೆ ಜನರ ಮಾಹಿತಿ ಕಳಿಸಬಾರದು ಎಂಬ ನಿಯಮ ಯುರೋಪಿನಲ್ಲಿ 1995ರಿಂದಲೇ ಇತ್ತು. ಭಾರತದಲ್ಲಿ ಅಂಥ ಕಾನೂನಿಲ್ಲ ಎಂದು ಗಿರಾಕಿಗಳು ಗೊಣಗತೊಡಗಿದರು.

ಆ ಗೊಣಗಾಟದ ಫಲವಾಗಿ ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ 2008ರಲ್ಲಿ ಡೇಟಾ ಸೆಕ್ಯುರಿಟಿ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಡಿಎಸ್‌ಸಿಐ ಕಟ್ಟಿತು. ಅದೇ ವರ್ಷ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ತಿದ್ದುಪಡಿಯಾಗಿ 43ಎ ಸೆಕ್ಷನ್ ಸೇರಿತು: ಜನರ ಸೂಕ್ಷ್ಮ ಮಾಹಿತಿ ಇಟ್ಟುಕೊಂಡ ಕಂಪನಿ ಅಜಾಗರೂಕತೆಯಿಂದ ನಷ್ಟ ಮಾಡಿದರೆ ಪರಿಹಾರ ಕೊಡಬೇಕು. ಇದು ಕಂಪನಿಗಳಿಗೆ ಮಾತ್ರ, ಸರ್ಕಾರಿ ಇಲಾಖೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. 2011ರ ಏಪ್ರಿಲ್‌ನಲ್ಲಿ ನಿಯಮಗಳು ಬಂದವು. ಒಪ್ಪಿಗೆ ಪಡೆಯಬೇಕು ಎಂಬ ಷರತ್ತು ನೋಡಿ ಹೊರಗುತ್ತಿಗೆ ಕಂಪನಿಗಳು ಕಂಗಾಲಾದವು. ಅಮೆರಿಕದ ರೋಗಿಯೊಬ್ಬನಿಂದ ಬೆಂಗಳೂರಿನ ಕಂಪನಿ ಒಪ್ಪಿಗೆ ಪತ್ರ ತರುವುದು ಹೇಗೆ? ಆ ವರ್ಷ ಆಗಸ್ಟ್ 24ರಂದು ಕೇಂದ್ರ ಸರ್ಕಾರ ಸ್ಪಷ್ಟನೆ ಕೊಟ್ಟು, ಗುತ್ತಿಗೆ ಮೇಲೆ ಕೆಲಸ ಮಾಡುವವರಿಗೆ ಆ ಷರತ್ತಿನಿಂದ ವಿನಾಯಿತಿ ನೀಡಿತು. ಸರಿಯಾಗಿ ಆರು ವರ್ಷದ ಮೇಲೆ, ಅದೇ ಆಗಸ್ಟ್ 24ರಂದು, ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕು ಎಂದಿತು. ಕಾಕತಾಳೀಯವೇ ಸರಿ. ಆದರೆ ಒಂದೇ ದಿನಾಂಕದ ಆ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಊರಿನ ಕಥೆ ಅರ್ಧ ತಿಳಿಯುತ್ತದೆ.

ಆ ಕಾಲದ ಸಮಾವೇಶಗಳಲ್ಲಿ ಮಾಹಿತಿ ಸುರಕ್ಷತೆಯ ಐಎಸ್‌ಒ 27001 ಪ್ರಮಾಣಪತ್ರ, ಆಡಿಟ್, ಪೆನ್ ಡ್ರೈವ್ ಒಳಗೆ ಬಿಡದ ಕೊಠಡಿ, ಇಂಥವೇ ವಿಷಯ. ತಾಂತ್ರಿಕವಾಗಿ ಒಳ್ಳೆಯ ಕೆಲಸವೇ. ಆದರೆ ತನ್ನ ಮನೆಗೆ ಬೀಗವಿಲ್ಲದವನು ಪರರ ಮನೆಗೆ ಕಾವಲು ಕಾದ ಹಾಗಿತ್ತು.

ಇನ್ನೊಂದು ಕಡೆ, ಇಷ್ಟು ದುಡ್ಡು ಓಡಾಡದ ಜಾಗಗಳಲ್ಲಿ, ಬೇರೆ ಬಗೆಯ ಸಭೆಗಳು ನಡೆಯತೊಡಗಿದ್ದವು. ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ (ಸಿಐಎಸ್) ಎಂಬ ಸಂಶೋಧನಾ ಸಂಸ್ಥೆ 2008ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಸ್ವಲ್ಪ ಕಾಲದಲ್ಲೇ ಹ್ಯಾಸ್‌ಗೀಕ್ ಸಂಸ್ಥೆ ಎಂಜಿನಿಯರುಗಳಿಗಾಗಿ ಸಮ್ಮೇಳನ ನಡೆಸಲು ಶುರುಮಾಡಿತು. ‘ನಲ್’ ಎಂಬ ಭದ್ರತಾ ಆಸಕ್ತರ ಬಳಗದ ಬೆಂಗಳೂರು ಶಾಖೆ ಶನಿವಾರಗಳಂದು ಯಾವುದೋ ಕಂಪನಿ ಬಿಟ್ಟುಕೊಟ್ಟ ಕೋಣೆಯಲ್ಲಿ ಸೇರುತ್ತದೆ. ಪ್ರವೇಶ ಉಚಿತ, ಒಬ್ಬರು ಲ್ಯಾಪ್‌ಟಾಪ್ ತೆರೆದು ತಾವು ಕಂಡುಹಿಡಿದ ದೋಷ ತೋರಿಸುತ್ತಾರೆ, ಕಂಪನಿಯ ಹೆಸರಿನ ಮೇಲೆ ಕಪ್ಪು ಪಟ್ಟಿ. ಉಳಿದವರು ಆ ಪಟ್ಟಿಯ ಅಡಿ ಯಾರಿದ್ದಾರೆಂದು ಊಹಿಸುತ್ತ ಕೂರುತ್ತಾರೆ.

ಆಗ ಆಧಾರ್ ಬಂತು. ಆಧಾರ್ ಸಂಖ್ಯೆ ಕೊಡುವ ಪ್ರಾಧಿಕಾರ ಯುಐಡಿಎಐ 2009ರಲ್ಲಿ ರಚನೆಯಾಯಿತು, ಇನ್ಫೊಸಿಸ್ ಬಿಟ್ಟು ಹೋದ ನಂದನ್ ನಿಲೇಕಣಿ ಅದರ ಅಧ್ಯಕ್ಷರಾದರು, ತಂತ್ರಜ್ಞಾನ ಕೇಂದ್ರವೂ ಇದೇ ಊರಿನಲ್ಲಿ. ಅದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರೂ ಬೆಂಗಳೂರಿನವರೇ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ವಯಸ್ಸು 86. ಸಂಸತ್ತಿನ ಸ್ಥಾಯಿ ಸಮಿತಿ ಆಧಾರ್ ಮಸೂದೆಯನ್ನು ಒಪ್ಪದಿದ್ದರೂ ಸರ್ಕಾರ ಬರೀ ಆಡಳಿತಾತ್ಮಕ ಆದೇಶದ ಮೇಲೆ ಬೆರಳಚ್ಚು ತೆಗೆದುಕೊಳ್ಳುತ್ತಿದೆಯಲ್ಲ ಎಂಬುದು ಅವರ ತಕರಾರಿನ ತಿರುಳು. ಸಂವಿಧಾನ ಓದಿದ ಹಳೆಯ ತಲೆಮಾರಿನವರಿಗೆ ಹೊಳೆದ ಪ್ರಶ್ನೆ ಅದು. ಸರ್ವರ್ ಕಟ್ಟುವವರ ಸಮಾವೇಶಗಳಿಂದ ಹುಟ್ಟಿದ್ದಲ್ಲ.

ಎರಡೂ ಬಳಗ ಒಂದೇ ಮೇಜಿಗೆ ಬಂದ ಸಂದರ್ಭಗಳೂ ಇದ್ದವು. ನ್ಯಾಯಮೂರ್ತಿ ಎ.ಪಿ. ಶಾ ಅವರ ತಜ್ಞರ ಗುಂಪು 2012ರ ಅಕ್ಟೋಬರ್‌ನಲ್ಲಿ ಖಾಸಗಿತನದ ವರದಿ ಕೊಟ್ಟ ಮೇಲೆ, ಸಿಐಎಸ್ ತಾನೇ ಒಂದು ಕರಡು ಮಸೂದೆ ಬರೆದು, ಉದ್ಯಮಗಳ ಒಕ್ಕೂಟ ಫಿಕ್ಕಿ ಮತ್ತು ಡಿಎಸ್‌ಸಿಐ ಜೊತೆಗೂಡಿ 2013ರಲ್ಲಿ ಹಲವು ನಗರಗಳಲ್ಲಿ ದುಂಡುಮೇಜಿನ ಸಭೆ ನಡೆಸಿತು. ಏಪ್ರಿಲ್‌ನಲ್ಲಿ ಬೆಂಗಳೂರಿನ ಸರದಿ. ಮಸೂದೆ ಮುಂದೆ ಹೋಗಲಿಲ್ಲ. 2015ರಲ್ಲಿ ಕೇಂದ್ರದ ಅಟಾರ್ನಿ ಜನರಲ್, ಖಾಸಗಿತನ ಎಂಬ ಮೂಲಭೂತ ಹಕ್ಕೇ ಇಲ್ಲ ಎಂದು ವಾದಿಸಿದರು. 1954ರ ಎಂಟು ನ್ಯಾಯಮೂರ್ತಿಗಳ ತೀರ್ಪು ಅವರ ಆಧಾರ. ಅದನ್ನು ಮೀರಲು ಒಂಬತ್ತು ನ್ಯಾಯಮೂರ್ತಿಗಳು ಬೇಕಾದರು. 2017ರ ಮೇ ತಿಂಗಳಲ್ಲಿ, ನಾಲ್ಕೇ ಸರ್ಕಾರಿ ಜಾಲತಾಣಗಳಿಂದ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಬಟಾಬಯಲಾಗಿವೆ ಎಂದು ಸಿಐಎಸ್ ವರದಿ ಹೇಳಿತು. ಆ ಆಗಸ್ಟ್‌ನಲ್ಲೇ ಖಾಸಗಿತನ ಮೂಲಭೂತ ಹಕ್ಕೆಂಬ ಪುಟ್ಟಸ್ವಾಮಿ ತೀರ್ಪು. 2018ರ ಜನವರಿಯಲ್ಲಿ ಡೇಟಾ ಕಾನೂನಿನ ಕರಡು ಬರೆಯಲು ನೇಮಿಸಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಸಾರ್ವಜನಿಕ ಸಮಾಲೋಚನೆಗೆ ಬೆಂಗಳೂರಿಗೂ ಬಂತು. ಅದೇ ವರ್ಷ ಮೇ 25ಕ್ಕೆ ಯುರೋಪಿನ ಡೇಟಾ ಸಂರಕ್ಷಣಾ ಕಾನೂನು ಜಿಡಿಪಿಆರ್ ಜಾರಿ. ಗಿರಾಕಿಯ ಭಯ ಮತ್ತು ನಾಗರಿಕನ ಹಕ್ಕು, ಎರಡೂ ಒಟ್ಟಿಗೆ ಬಂದದ್ದು ಆ ಐದಾರು ತಿಂಗಳಲ್ಲಿ. ಕಂಪನಿಗಳಲ್ಲಿ ‘ಪ್ರೈವಸಿ’ ಎಂಬ ಪ್ರತ್ಯೇಕ ಹುದ್ದೆಗಳು ಬೆಳೆದದ್ದೂ ಆಗಲೇ.

ಆನ್‌ಲೈನ್ ಸುರಕ್ಷತೆಯ ಎಳೆ ಬೇರೆ ಕಡೆಯಿಂದ ಬಂತು, ಮತ್ತು ಹೆಚ್ಚು ಭಯಾನಕವಾಗಿ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ಮತ್ತು ಸಾಮಾಜಿಕ ಜಾಲತಾಣದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಮೆಜೆಸ್ಟಿಕ್‌ನ ರೈಲು ನಿಲ್ದಾಣಕ್ಕೆ ಓಡಿ ಗುವಾಹಟಿ ರೈಲು ಹತ್ತಿದರು. ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸಬಾರದು ಎಂದು ಸರ್ಕಾರ ಹದಿನೈದು ದಿನಕ್ಕೆಂದು ಮಿತಿ ಹಾಕಿತು. 2018ರ ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ವಾಟ್ಸ್ಆ್ಯಪ್ ವದಂತಿಗೆ ರಾಜಸ್ಥಾನದಿಂದ ದುಡಿಯಲು ಬಂದ ಯುವಕನೊಬ್ಬ ಬಲಿಯಾದ. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮತ್ತೊಂದು ಕೊಲೆ. ಅದಾದ ಕೆಲವೇ ದಿನಗಳಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿಯನ್ನು ವಾಟ್ಸ್ಆ್ಯಪ್ ಘೋಷಿಸಿತು. ಆರು ವರ್ಷದ ಅಂತರದಲ್ಲಿ ಸರ್ಕಾರಕ್ಕೂ ಕಂಪನಿಗೂ ಹೊಳೆದದ್ದು ಐದು ಎಂಬ ಅದೇ ಸಂಖ್ಯೆ.

ಪಾರದರ್ಶಕತೆಯ ಪ್ರಶ್ನೆಗೆ ಹೈಕೋರ್ಟೇ ವೇದಿಕೆಯಾಯಿತು. ಖಾತೆ, ಟ್ವೀಟ್‌ಗಳನ್ನು ತಡೆಹಿಡಿಯಲು ಕೇಂದ್ರ ಕೊಟ್ಟ ಆದೇಶಗಳ ವಿರುದ್ಧ ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟಿಗೆ ಬಂತು. ಅಂಥ ಆದೇಶಗಳು ನಿಯಮದ ಪ್ರಕಾರವೇ ಗೋಪ್ಯ. ಯಾಕೆ ತಡೆದರು ಎಂದು ಖಾತೆದಾರನಿಗೆ ಗೊತ್ತಾಗುವುದಿಲ್ಲ. 2023ರ ಜೂನ್ 30ರಂದು ಅರ್ಜಿ ವಜಾ, ಜೊತೆಗೆ 50 ಲಕ್ಷ ರೂಪಾಯಿ ದಂಡ. ಜಾಲತಾಣದ ಬರಹ ತೆಗೆಯಲು ಕಂಪನಿಗಳಿಗೆ ಸೂಚನೆ ಕಳಿಸುವ ಕೇಂದ್ರದ ‘ಸಹಯೋಗ್’ ಪೋರ್ಟಲ್ ವಿರುದ್ಧ ಎಕ್ಸ್ (ಟ್ವಿಟರ್‌ನ ಹೊಸ ಹೆಸರು) ಹೂಡಿದ ಮೊಕದ್ದಮೆಯೂ 2025ರ ಸೆಪ್ಟೆಂಬರ್‌ನಲ್ಲಿ ಇಲ್ಲೇ ಬಿದ್ದುಹೋಯಿತು. ಹಾಗಾಗಿ ಜಾಲತಾಣ ಕಂಪನಿಗಳಲ್ಲಿ ಬಳಕೆದಾರರ ಸುರಕ್ಷತೆ ನೋಡಿಕೊಳ್ಳುವ ಟ್ರಸ್ಟ್ ಅಂಡ್ ಸೇಫ್ಟಿ ವಿಭಾಗದವರ ಕೂಟಗಳಲ್ಲಿ ವಕೀಲರ ಸಂಖ್ಯೆ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲ ತಿಳಿದವರು ಸೇರುವ ಊರಿನಲ್ಲೇ 2022ರ ನವೆಂಬರ್‌ನಲ್ಲಿ ಚಿಲುಮೆ ಪ್ರಕರಣ ಹೊರಬಿತ್ತು. ಮತದಾರರಲ್ಲಿ ಜಾಗೃತಿ ಮೂಡಿಸುತ್ತೇವೆ, ದುಡ್ಡೇನೂ ಬೇಡ ಎಂದು ಚಿಲುಮೆ ಸಂಸ್ಥೆ ಬಿಬಿಎಂಪಿಯಿಂದ ಅನುಮತಿ ಪಡೆದಿತ್ತು. ಅದರ ಹುಡುಗ ಹುಡುಗಿಯರು ಕೊರಳಿಗೆ ಮತಗಟ್ಟೆ ಅಧಿಕಾರಿಯ ಗುರುತಿನ ಚೀಟಿ ಹಾಕಿಕೊಂಡು ಮನೆ ಮನೆಗೆ ಹೋಗಿ ಜಾತಿ, ಮಾತೃಭಾಷೆ, ಫೋನ್ ನಂಬರ್ ಬರೆದುಕೊಂಡು ಆ್ಯಪ್‌ಗೆ ತುಂಬಿಸಿದರು. ಸುದ್ದಿ ತಾಣಗಳು ಬಯಲಿಗೆಳೆದ ಮೇಲೆ ಬಂಧನಗಳಾದವು, ಇಬ್ಬರು ಐಎಎಸ್ ಅಧಿಕಾರಿಗಳ ಅಮಾನತಾಯಿತು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಮತದಾರರ ಪಟ್ಟಿಯಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನು ಮತ್ತೆ ಪರಿಶೀಲಿಸುವಂತೆ ಚುನಾವಣಾ ಆಯೋಗ ಆದೇಶಿಸಿತು.

ಇಲ್ಲಿ ಹ್ಯಾಕ್ ಆದದ್ದು ಏನೂ ಇಲ್ಲ. ಬಾಗಿಲು ತಟ್ಟಿದರು, ಜನ ಹೇಳಿದರು. ಸರ್ಕಾರದ ಚೀಟಿ ನೋಡಿದ ಮೇಲೆ ‘ಇದು ನಿಮಗ್ಯಾಕೆ?’ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಇಲ್ಲ. ಕೇಳಿದರೆ ರೇಷನ್ ಕಾರ್ಡಿಗೆ ಕುತ್ತು ಬಂದೀತೆಂಬ ಅಳುಕು ಬೇರೆ. ಆದರೂ ಇಂಥ ಪ್ರಕರಣಕ್ಕೆ ವೃತ್ತಿಪರರ ಸಮಾವೇಶಗಳ ಪ್ಯಾನೆಲ್‌ನಲ್ಲಿ ಜಾಗ ಸಿಗುವುದು ಅಪರೂಪ. ಕಾರಣ ಸರಳ: ಬೀದಿಯಲ್ಲಿ ಮಾಹಿತಿ ಕೊಟ್ಟವರು ಯಾರ ಗಿರಾಕಿಗಳೂ ಅಲ್ಲ, ಪ್ರಾಯೋಜಕರೂ ಅಲ್ಲ.

2025ರ ಸೆಪ್ಟೆಂಬರ್‌ನ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ವೇಳೆಗೆ ಜನ ಸ್ವಲ್ಪ ಬದಲಾಗಿದ್ದರು. ವಿದ್ಯುತ್ ಮೀಟರಿನ ಆರ್‌ಆರ್ ನಂಬರ್ ಹಿಡಿದು ಮನೆ ಗುರುತಿಸಿ, ಗೋಡೆಗೆ ಸ್ಟಿಕ್ಕರ್ ಅಂಟಿಸಿ, 60 ಪ್ರಶ್ನೆ ಕೇಳುವ ಸಮೀಕ್ಷೆ. ಆಭರಣ ಎಷ್ಟಿದೆ, ಆದಾಯ ಎಷ್ಟು ಎಂಬ ಪ್ರಶ್ನೆ ಯಾಕೆ ಎಂದು ಎಷ್ಟೋ ಮನೆಗಳಲ್ಲಿ ತಿರುಗಿ ಕೇಳಿದರು. ಸಮೀಕ್ಷೆಗೆ ತಡೆ ಕೊಡದ ಹೈಕೋರ್ಟ್, ಮಾಹಿತಿ ಕೊಡುವುದು ಕಡ್ಡಾಯವಲ್ಲ, ಅದನ್ನು ಜನರಿಗೆ ತಿಳಿಸಬೇಕು, ಸಂಗ್ರಹಿಸಿದ್ದು ಹಿಂದುಳಿದ ವರ್ಗಗಳ ಆಯೋಗದ ಆಚೆಗೆ ಹೋಗಬಾರದು ಎಂದಿತು. ನನ್ನ ಲೆಕ್ಕದಲ್ಲಿ, ಸಾಮಾನ್ಯ ಕನ್ನಡಿಗರ ಮಟ್ಟಿಗೆ ಡೇಟಾ ಖಾಸಗಿತನದ ಅತಿ ದೊಡ್ಡ ಪಾಠ ನಡೆದದ್ದು ಆ ವಾರಗಳಲ್ಲಿ, ಮನೆಯ ಜಗಲಿಯ ಮೇಲೆ.

ಈಗಿನ ಸಭೆಗಳ ವಿಷಯಕ್ಕೆ ಬರೋಣ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ, ಅಂದರೆ ಡಿಪಿಡಿಪಿಗೆ, 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. 250 ಕೋಟಿ ರೂಪಾಯಿವರೆಗಿನ ದಂಡದ ಮಾತು ಸ್ಲೈಡ್‌ನಲ್ಲಿ ಬಂದಾಗ ಸಭಾಂಗಣ ಒಮ್ಮೆ ನೆಟ್ಟಗೆ ಕೂರುತ್ತದೆ. ನಿಜವಾದ ಚರ್ಚೆ ಚಹಾ ವಿರಾಮದಲ್ಲಿ. ಸೋರಿಕೆಯಾದರೆ ಕೇಂದ್ರದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್‌ಗೆ ಆರು ಗಂಟೆಯೊಳಗೆ ತಿಳಿಸಬೇಕು, ಹೊಸ ಕಾಯ್ದೆ ಪೂರ್ತಿ ಜಾರಿಯಾದ ಮೇಲೆ ಡೇಟಾ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ವಿವರ ಕೊಡಬೇಕು. ಗಡಿಯಾರ ಶುರುವಾಗುವುದು ಅನುಮಾನ ಬಂದಾಗಲೋ ಖಚಿತವಾದಾಗಲೋ? ಗ್ರಾಹಕ ಒಪ್ಪಿಗೆ ವಾಪಸ್ ಪಡೆದರೆ ಬ್ಯಾಕಪ್ ಟೇಪಿನಲ್ಲಿರುವುದನ್ನು ಅಳಿಸುವವರು ಯಾರು? 18 ವರ್ಷದೊಳಗಿನವರಿಗೆ ಹೆತ್ತವರ ಒಪ್ಪಿಗೆ ಬೇಕು. ಅಮ್ಮನ ಫೋನ್ ಮಗನ ಕೈಯಲ್ಲೇ ಇರುವ ಮನೆಯಲ್ಲಿ ಅದನ್ನು ಪರೀಕ್ಷಿಸುವುದು ಹೇಗೆ?

ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷ್ ಅಲ್ಲದೆ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಅವಕಾಶ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಅಂದರೆ ಆ ಭಾಗ ಜಾರಿಯಾದ ಮೇಲೆ ಕನ್ನಡದಲ್ಲಿ ಕೇಳುವುದು ಕಾನೂನಿನ ಹಕ್ಕು. ಆದರೆ ಅದರ ಚರ್ಚೆ ಇಂಗ್ಲಿಷಿನಲ್ಲೇ, ಕನ್ನಡ ಕೇಳಿಸುವುದು ಊಟದ ಸಾಲಿನಲ್ಲಿ. ಕೆಲವು ದುಂಡುಮೇಜಿನ ಸಭೆಗಳು ಚಾಟಮ್ ಹೌಸ್ ನಿಯಮದಡಿ ನಡೆಯುತ್ತವೆ: ಏನು ಹೇಳಿದರೆಂದು ಹೊರಗೆ ಹೇಳಬಹುದು, ಯಾರು ಹೇಳಿದರೆಂದು ಹೇಳುವಂತಿಲ್ಲ. ಪಾರದರ್ಶಕತೆಯ ಸಭೆಗೂ ಇದೇ ನಿಯಮ. ಬಾಯಿಬಿಟ್ಟು ಮಾತಾಡಲು ಬೇರೆ ದಾರಿಯಿಲ್ಲ ಎನ್ನುತ್ತಾರೆ, ಅದೂ ಸುಳ್ಳಲ್ಲ.

ಆ ಸಭೆಗಳಲ್ಲಿ ಕಡಿಮೆ ಕೇಳಿಬರುವ ಒಂದು ಸೆಕ್ಷನ್ ಡಿಪಿಡಿಪಿ ಕಾಯ್ದೆಯಲ್ಲಿದೆ, 44(3). ವೈಯಕ್ತಿಕ ಮಾಹಿತಿಯೇ ಆದರೂ ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿದ್ದರೆ, ಅಥವಾ ವಿಶಾಲ ಹಿತಾಸಕ್ತಿ ಇದ್ದರೆ ಕೊಡಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಹೇಳುತ್ತಿತ್ತು. 44(3) ಅದನ್ನು ತಿದ್ದಿತು: ಈಗ ‘ವೈಯಕ್ತಿಕ ಮಾಹಿತಿ’ ಎಂದರೆ ಸಾಕು, ನಿರಾಕರಿಸಬಹುದು. ಹಿತಾಸಕ್ತಿಯ ಆಧಾರದಲ್ಲಿ ಕೊಡುವ 8(2) ಉಳಿದಿದೆ ನಿಜ, ಆದರೆ ಅದನ್ನು ಬಳಸುವ ಮನಸ್ಸು ಅಧಿಕಾರಿಗೆ ಬರಬೇಕು. ಕೇಂದ್ರಕ್ಕಿಂತ ಐದು ವರ್ಷ ಮೊದಲೇ, 2000ದಲ್ಲಿ, ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿದ್ದ ರಾಜ್ಯ ನಮ್ಮದು. ಭೂಮಿ ಯೋಜನೆಯಲ್ಲಿ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿ, ಸರ್ವೆ ನಂಬರ್ ಗೊತ್ತಿದ್ದ ಯಾರಿಗಾದರೂ ಯಜಮಾನನ ಹೆಸರು ಕಾಣುವಂತೆ ಮಾಡಿದ್ದೂ ಇದೇ ಸರ್ಕಾರ. ಆ ಪಾರದರ್ಶಕತೆಯಿಂದ ಬೆಂಗಳೂರಿನ ಸುತ್ತ ದೊಡ್ಡ ಜಮೀನು ಹುಡುಕುವವರಿಗೇ ಹೆಚ್ಚು ಅನುಕೂಲವಾಯಿತು ಎಂದು 2007ರಲ್ಲೇ ಇಲ್ಲಿನ ಸಂಶೋಧಕರು ಬರೆದಿದ್ದರು. ಯಾರ ಮಾಹಿತಿ ಬಯಲಾಗಬೇಕು, ಯಾರದು ಮುಚ್ಚಿರಬೇಕು ಎಂಬ ಜಗಳ ಹೊಸದಲ್ಲ.

ಜಾರಿಯ ವೇಳಾಪಟ್ಟಿ ನೋಡಿ. ಮಾಹಿತಿ ಹಕ್ಕನ್ನು ಮೊಟಕುಗೊಳಿಸುವ 44(3) ನಿಯಮಗಳ ಜೊತೆಗೇ, 2025ರ ನವೆಂಬರ್‌ನಲ್ಲಿ ಜಾರಿಗೆ ಬಂತು. ನಾಗರಿಕ ತನ್ನ ಡೇಟಾ ತೋರಿಸು, ತಿದ್ದು, ಅಳಿಸು ಎಂದು ಕೇಳುವ ಹಕ್ಕುಗಳಿಗೆ 18 ತಿಂಗಳ ಗಡುವು, ಅಂದರೆ 2027ರ ಮೇ. ಅಲ್ಲಿಯವರೆಗೆ ಡೇಟಾ ಸೋರಿ ನಷ್ಟವಾದರೆ ಪರಿಹಾರ ಕೇಳಲು ಉಳಿದಿರುವುದು, ವಿದೇಶಿ ಗಿರಾಕಿಗಳ ಗೊಣಗಾಟ ಕೇಳಿ 2008ರಲ್ಲಿ ಬರೆದ ಆ 43ಎ.